ಹೊರುವವರ ಸಂಘ

ಒಂದು ಊರಿತ್ತಂತೆ, ಆ ಊರಿನ ಮನೆಗಳಿಗೆ ಬೆಳೆಯುವ ಚಟವಿತ್ತಂತೆ. ಮಕ್ಕಳು ಬೆಳೆದು ಒಂದು ಕಡೆ ನಿಲ್ಲುತ್ತಾರೆ, ಮರಗಳೂ ಒಂದು ಎತ್ತರಕ್ಕೆ ಬಂದು ಸಾಕೆನ್ನುತ್ತವೆ. ಈ ಮನೆಗಳಿಗೆ ಮಾತ್ರ ಸಾಕೆನ್ನುವುದೇ ಗೊತ್ತಿರಲಿಲ್ಲ. ಒಂದರ ತಲೆಯ ಮೇಲೆ ಒಂದು ಹತ್ತಿ ಕೂತವು. ಒಳಗಿದ್ದ ಜನರೂ ಜೊತೆಗೆ ಮೇಲೆ ಹೋದರು. ಮೊದಮೊದಲು ಗಾಳಿ ಚೆನ್ನಾಗಿದೆ ಎಂದರು, ಬೆಳಕು ಚೆನ್ನಾಗಿದೆ ಎಂದರು. ಆಮೇಲೊಂದು ದಿನ ಅವರ ಮೊಣಕಾಲುಗಳೆಲ್ಲ ಸಭೆ ಸೇರಿ, ಇನ್ನು ನಾವು ಇಳಿಯುವುದಿಲ್ಲ ಎಂದು ತೀರ್ಮಾನ ಮಾಡಿದವು. ಅಂದಿನಿಂದ ಅಲ್ಲಿ ಆಕಾಶದಲ್ಲೊಂದು ಊರು, ನೆಲದಲ್ಲೊಂದು ಊರು. ಆಕಾಶದ ಊರಿನವರಿಗೆ ಮಣ್ಣಿನ ವಾಸನೆ ಮರೆತುಹೋಯಿತು. ನೆಲದ ಊರಿನವರಿಗೆ ಆಕಾಶದ ಊರಿನವರೇ ಮರೆತುಹೋದರು.

ಆಮೇಲೆ ಏನಾಯಿತು ಎಂದು ನಾನು ಅಜ್ಜಿಯ ಸೆರಗು ಜಗ್ಗುತ್ತಿದ್ದೆ.

"ಆಮೇಲೆ ಏನು, ಒಬ್ಬಳು ಮುದುಕಿ ತಲೆ ಕೆಟ್ಟು ಒಂದು ಕುರ್ಚಿಗೆ ಎರಡು ಬೊಂಬು ಕಟ್ಟಿದ್ಲು," ಎಂದು ಅವಳು ಮಗ್ಗುಲು ಬದಲಾಯಿಸುತ್ತಿದ್ದಳು.

ಆ ಮುದುಕಿ ಅಜ್ಜಿಯೇ ಎಂದು ನನಗೆ ಹೊಳೆಯುವ ಹೊತ್ತಿಗೆ ನಾನು ಶಾಲೆ ಮುಗಿಸಿದ್ದೆ. ಕುರ್ಚಿ ಮಾತ್ರ ನಮ್ಮ ಮನೆಯ ಬಾಗಿಲ ಹಿಂದೆ ಯಾವಾಗಲೂ ಇತ್ತು. ನಾನು ಹೋಂವರ್ಕ್ ಬರೆದದ್ದೇ ಅದರಲ್ಲಿ ಕೂತು. ಮುಂದೆ ಬೊಂಬಿನ ಜಾಗಕ್ಕೆ ಕಬ್ಬಿಣದ ಪೈಪು ಬಂತು, ಕೂರುವ ಜಾಗಕ್ಕೆ ಹಳೆಯ ಬಸ್ಸಿನ ಸೀಟು ಬಂತು, ಸೊಂಟಕ್ಕೆ ಬೆಲ್ಟು ಬಂತು, ಅಜ್ಜಿಯ ಹಟಕ್ಕೆ ಒಂದು ಹೆಸರೂ ಬಂತು: ಹೊರುವವರ ಸಂಘ. ಲಿಫ್ಟಿಲ್ಲದ ಕಟ್ಟಡಗಳ ಮೇಲಿನ ಮಹಡಿಗಳಲ್ಲಿ, ಕಾಲು ಕೈಕೊಟ್ಟು ಕೂತುಬಿಟ್ಟವರನ್ನು ನಾಲ್ವರು ಸೇರಿ ಕೆಳಗೆ ಇಳಿಸುವುದು, ಅವರು ಹೇಳಿದಲ್ಲಿಗೆ ಕರೆದೊಯ್ಯುವುದು, ಮತ್ತೆ ಮೇಲೆ ಹತ್ತಿಸಿ ಬಿಡುವುದು. ಇಷ್ಟೇ ಕೆಲಸ. ಆಸ್ಪತ್ರೆಗೆ ಹೋಗುವವರಿಗೆ ಆಂಬುಲೆನ್ಸಿನವರಿದ್ದಾರೆ. ಕ್ಷೌರಕ್ಕೆ ಹೋಗಬೇಕೆನ್ನುವವರಿಗೆ, ಮೊಮ್ಮಗಳ ಶಾಲೆ ಯಾವ ಬಣ್ಣದ್ದೆಂದು ನೋಡಬೇಕೆನ್ನುವವರಿಗೆ, ಬರೀ ತರಕಾರಿಯವಳ ಜೊತೆ ಎದುರಾಬದುರು ಜಗಳವಾಡಬೇಕೆನ್ನುವವರಿಗೆ ನಾವು.

ಸಂಘಕ್ಕಿದ್ದದ್ದು ಒಂದೇ ನಿಯಮ. ಹೊರಲು ಬಂದವರು ಎಂಥ ಭೀಮನೇ ಆಗಲಿ, ಮೊದಲು ಆ ಕುರ್ಚಿಯಲ್ಲಿ ಕೂತು ಹೊರಿಸಿಕೊಳ್ಳಬೇಕು. ಮೇಲಿಂದ ಕೆಳಕ್ಕೆ, ಮುಖ ಮುಂದೆ ಮಾಡಿಕೊಂಡು. ಕೂತು ಹೆದರಿದವನು ಇನ್ನೊಬ್ಬರನ್ನು ಹೊತ್ತಾಗ ಮೆಟ್ಟಿಲ ಮೇಲೆ ಹುಡುಗಾಟ ಮಾಡುವುದಿಲ್ಲ ಎಂಬುದು ಅಜ್ಜಿಯ ಲೆಕ್ಕಾಚಾರ. ಹಿಟ್ಟಿನ ಮೂಟೆಯನ್ನು ಒಂದೇ ಭುಜಕ್ಕೆ ಎಸೆದುಕೊಳ್ಳುವ ಬೇಕರಿಯಣ್ಣ ಮೊದಲ ದಿನ ಕಣ್ಣು ಮುಚ್ಚಿಕೊಂಡು ಅಮ್ಮಾ ಎಂದು ಕೂಗಿಕೊಂಡಿದ್ದನಂತೆ. ಪೋಸ್ಟಮ್ಮ ಅದನ್ನು ಇವತ್ತಿಗೂ ಆಡಿ ತೋರಿಸುತ್ತಾಳೆ. ಪೋಸ್ಟಮ್ಮ ಎಂದರೆ ನಮ್ಮ ಬಡಾವಣೆಗೆ ಕಾಗದ ಹಂಚುವವಳು. ಹೊರುವುದರಲ್ಲೂ ಅವಳದು ಮೇಲುಗೈ, ಬಾಯಿಯಲ್ಲೂ ಅವಳದೇ ಮೇಲುಗೈ.

ಅಜ್ಜಿ ತನ್ನ ಜೀವಮಾನದಲ್ಲಿ ಕೊಟ್ಟು ಉಳಿಸಿಕೊಳ್ಳಲಾಗದ ಮಾತು ಒಂದೇ. ಅದು ದೊಡ್ಡಮ್ಮನಿಗೂ ಚಿಕ್ಕಮ್ಮನಿಗೂ ಕೊಟ್ಟದ್ದು.

ಇಬ್ಬರೂ ನಮಗೆ ರಕ್ತಸಂಬಂಧಿಗಳಲ್ಲ. ಇಡೀ ಬೀದಿ ಹಾಗೆ ಕರೆಯುತ್ತದೆ, ನಾವೂ ಕರೆಯುತ್ತೇವೆ. ಅಕ್ಕ ತಂಗಿ. ಬೀದಿಯ ಈ ಬದಿಯ ಕಟ್ಟಡದ ನಾಲ್ಕನೇ ಮಹಡಿಯಲ್ಲಿ ದೊಡ್ಡಮ್ಮ, ಎದುರು ಬದಿಯ ಮೂರನೇ ಮಹಡಿಯಲ್ಲಿ ಚಿಕ್ಕಮ್ಮ. ದೊಡ್ಡಮ್ಮ ಶಾಲೆಯಲ್ಲಿ ಆಟದ ಮೇಷ್ಟ್ರಮ್ಮ ಆಗಿದ್ದವಳು. ಬಚ್ಚಲಲ್ಲಿ ಬಿದ್ದು ಬಲ ಮೊಣಕಾಲು ಒಡೆದುಕೊಂಡ ಮೇಲೆ ವೈದ್ಯರು ಕಬ್ಬಿಣ ಹಾಕಿ ಆ ಕಾಲನ್ನು ನೆಟ್ಟಗೆ ನಿಲ್ಲಿಸಿಬಿಟ್ಟರು, ಮಡಚುವುದಿಲ್ಲ. ಚಿಕ್ಕಮ್ಮ ಟೆಲಿಫೋನ್ ಕಚೇರಿಯಲ್ಲಿ ಕೂತು ಊರವರ ಮಾತನ್ನೆಲ್ಲ ಜೋಡಿಸಿದವಳು. ಅವಳ ಉಸಿರು ಈಗ ಅರ್ಧ ಮಹಡಿಗೂ ಸಾಲದು. ನಡುವೆ ಎರಡು ಕೈಗಾಡಿ ಕಷ್ಟಪಟ್ಟು ದಾಟಿಕೊಳ್ಳುವಷ್ಟು ಬೀದಿ. ಇಬ್ಬರೂ ಕಿಟಕಿಯಲ್ಲಿ ಎದುರುಬದುರು ಕೂತು ಫೋನಿನಲ್ಲಿ ಮಾತಾಡುತ್ತಿದ್ದರು. ಜಗಳವಾದರೆ ಒಬ್ಬಳು ಫೋನು ಇಡುವಳು, ಇನ್ನೊಬ್ಬಳು ಪರದೆ ಎಳೆಯುವಳು. ಬೀದಿಯಲ್ಲಿ ನಿಂತವರಿಗೆ ಇವತ್ತು ಗೆದ್ದವರು ಯಾರೆಂದು ತಿಳಿಯುತ್ತಿತ್ತು. ಒಬ್ಬಳಿಗೆ ಜ್ವರ ಬಂದರೆ ಇನ್ನೊಬ್ಬಳು ಹಣೆ ಮುಟ್ಟಿ ನೋಡಲಾಗದೆ ಕಿಟಕಿಯ ಸರಳು ಹಿಡಿದು ನಿಲ್ಲುತ್ತಿದ್ದಳು.

ಇಬ್ಬರನ್ನೂ ಒಂದೇ ಹೊಸಿಲ ಒಳಗೆ ಕೂರಿಸುತ್ತೇನೆ ಎಂದು ಅಜ್ಜಿ ಹೇಳಿದ್ದಳು. ಆದರೆ ದೊಡ್ಡಮ್ಮನ ಮೆಟ್ಟಿಲು ನಮ್ಮ ಬಡಾವಣೆಯಲ್ಲೇ ಇಕ್ಕಟ್ಟು. ಮೂರನೇ ಮಹಡಿಯ ತಿರುವು ಕತ್ತು ಹಿಸುಕಿದಂತಿದೆ. ಮುಂದಿನ ವಾರ, ಮಳೆ ನಿಲ್ಲಲಿ, ಕೈಗಳು ಹೆಚ್ಚಾಗಲಿ ಎನ್ನುತ್ತ ಅಜ್ಜಿ ಮುಂದೂಡಿದಳು, ಆಮೇಲೆ ತಾನೇ ಮುಂದೆ ಹೋದಳು. ಹೋಗುವ ಮುಂಚೆ ನನ್ನ ಕೈ ಹಿಡಿದು ಕಥೆ ಹೇಳುವ ಅದೇ ದನಿಯಲ್ಲಿ ದೊಡ್ಡಮ್ಮನನ್ನು ದಾಟಿಸು ಎಂದಳು. ನಾನು ಹೂಂ ಎಂದೆ. ಮಾರನೆಯ ವಾರವೇ ಹೋಗಿ ದೊಡ್ಡಮ್ಮನಿಗೂ ಹೇಳಿದೆ.

ದೊಡ್ಡಮ್ಮ ನನ್ನನ್ನು ತಲೆಯಿಂದ ಕಾಲಿನ ತನಕ ನೋಡಿದಳು.

"ನಿಮ್ಮಜ್ಜಿನೂ ಹೀಗೇ ಅಂದ್ಲು, ಹೋಗೇಬಿಟ್ಲು. ನೀನಾದ್ರೂ ಇರ್ತೀಯೇನೇ?"

ಸಂಘದ ಕಾರ್ಯದರ್ಶಿ ಎಂಬ ಬೋರ್ಡು ನನ್ನ ಕುತ್ತಿಗೆಗೆ ಬಿದ್ದದ್ದು ಹೀಗೆ. ಖಜಾಂಚಿ ನನ್ನ ಸೋದರಮಾವ, ಗುಮಾಸ್ತಗಿರಿಯಿಂದ ನಿವೃತ್ತನಾದವನು. ನಾನು ಮೋಡ ನೋಡುತ್ತ ನಡೆಯುವವಳು, ಅವನು ನೆಲ ನೋಡುತ್ತ ನಡೆಯುವವನು; ಇಬ್ಬರೂ ಸೇರಿ ಒಂದು ಪೂರ್ತಿ ಮನುಷ್ಯನಾಗುತ್ತಿದ್ದೆವು. ಬಾಡಿಗೆ, ನಮ್ಮಿಬ್ಬರ ಸಂಬಳ, ಹೊರುವವರ ಬಸ್ ಖರ್ಚು, ಎಲ್ಲವೂ ಬರುತ್ತಿದ್ದದ್ದು ಒಂದು ಪ್ರತಿಷ್ಠಾನದಿಂದ. ಅಲ್ಲಿಂದ ನಮ್ಮನ್ನು ನೋಡಿಕೊಳ್ಳಲು ಬರುತ್ತಿದ್ದ ಅಧಿಕಾರಿಗೆ ಬೇಕರಿಯಣ್ಣ ಸೂಚ್ಯಂಕ ಸಾರ್ ಎಂದು ಹೆಸರಿಟ್ಟಿದ್ದ, ಬಾಯಿ ತೆರೆದರೆ ಆ ಮನುಷ್ಯ ಎಷ್ಟು ಜನರನ್ನು ಇಳಿಸಿದಿರಿ, ಸೂಚ್ಯಂಕ ಎಷ್ಟಾಯಿತು ಎಂದೇ ಕೇಳುತ್ತಿದ್ದದ್ದರಿಂದ. ಕೆಟ್ಟವನೇನಲ್ಲ. ನಮ್ಮ ಟೀ ಕುಡಿದು ಚೆನ್ನಾಗಿದೆ ಎನ್ನುತ್ತಿದ್ದ, ನಮ್ಮ ಟೀ ಚೆನ್ನಾಗಿರುತ್ತಿರಲಿಲ್ಲ.

ಅಜ್ಜಿ ತೀರಿಕೊಂಡ ವರ್ಷವೇ ಪ್ರತಿಷ್ಠಾನದವರು ಒಂದು ಯಂತ್ರ ಕೊಟ್ಟರು. ಮೆಟ್ಟಿಲು ಹತ್ತುವ ಕುರ್ಚಿ, ಕೆಳಗೆ ರಬ್ಬರಿನ ಪಟ್ಟಿ, ಬ್ಯಾಟರಿ, ಬೆನ್ನ ಮೇಲೆ ಅವರ ಹೆಸರು. ಅದು ಎರಡನೇ ಮಹಡಿಯಲ್ಲಿದ್ದ ನಮ್ಮ ಆಫೀಸಿಗೆ ತಾನಾಗಿಯೇ ಹತ್ತಿ ಬಂತು. ಅದರ ಮೇಲೆ ಪ್ರತಿಷ್ಠಾನದ ದೊಡ್ಡವರೊಬ್ಬರು ಕೂತಿದ್ದರು, ಉಳಿದವರು ಚಪ್ಪಾಳೆ ತಟ್ಟಿದರು, ಫೋಟೊ ತೆಗೆದರು. ಮರುದಿನದಿಂದ ಯಂತ್ರಕ್ಕೆ ಬೇಕಾದ ಅಗಲದ ಮೆಟ್ಟಿಲನ್ನು ನಾವು ಇಡೀ ಬಡಾವಣೆಯಲ್ಲಿ ಹುಡುಕಿದೆವು. ನಮ್ಮ ಆಫೀಸಿನದೊಂದೇ ಸಿಕ್ಕಿತು. ಬ್ಯಾಟರಿ ಸತ್ತಿತು. ಹೊಸ ಬ್ಯಾಟರಿ ಕೇಳಿದರೆ, ನಾವು ವಸ್ತು ಕೊಡುತ್ತೇವೆ, ರಿಪೇರಿಗೆ ಕೊಡುವ ಪದ್ಧತಿ ನಮ್ಮಲ್ಲಿಲ್ಲ ಎಂದರು. ಬೇಕಿದ್ದರೆ ಇನ್ನೊಂದು ಹೊಸ ಯಂತ್ರ ಕೊಡಬಹುದಂತೆ. ಮಾವ ಅದರ ಮೇಲೆ ಹಳೆಯ ಬೆಡ್‌ಶೀಟು ಹೊದಿಸಿದ. ಅಂದಿನಿಂದ ಅರ್ಧ ಕೋಣೆ ಅದರದು, ನಾವು ಗೋಡೆಗಂಟಿಕೊಂಡು ಓಡಾಡುತ್ತಿದ್ದೆವು.

ಹೀಗಿರುವಾಗ ನಾನು ದೊಡ್ಡಮ್ಮನನ್ನು ಇಳಿಸಲು ಒಂದು ಭಾನುವಾರ ಗೊತ್ತುಮಾಡಿದೆ.

ತಾಲೀಮು ಮಾಡದೆ ನಾವು ಯಾರನ್ನೂ ಹೊರುವುದಿಲ್ಲ. ತಾಲೀಮಿಗೆ ಕುರ್ಚಿಯಲ್ಲಿ ಕೂರುವವಳು ಚಿಕ್ಕಂದಿನಿಂದಲೂ ನಾನೇ. ಬೇಕರಿಯಣ್ಣ, ಪೋಸ್ಟಮ್ಮ, ಗೋದಾಮಿನಲ್ಲಿ ದುಡಿಯುವ ಅಣ್ಣತಮ್ಮಂದಿರಿಬ್ಬರು, ನಾಲ್ವರೂ ನನ್ನನ್ನು ದೊಡ್ಡಮ್ಮನ ಬಾಗಿಲಿಂದ ಎತ್ತಿಕೊಂಡರು. ಮೆಟ್ಟಿಲ ಮೇಲಿನ ಸಣ್ಣ ಕಿಂಡಿಯಲ್ಲಿ ಒಂದು ಮೋಡ ಕಾಣಿಸಿತು. ಅದು ಹಡಗೋ ಹಂಸವೋ ಎಂದು ನಾನು ತೀರ್ಮಾನಿಸುವ ಮೊದಲೇ ನೆಲ ಬಂತು. ಎಲ್ಲೂ ತಾಗಲಿಲ್ಲ, ತರಚಲಿಲ್ಲ. ಹೂವು ಎತ್ತಿದ ಹಾಗಾಯಿತು ಎಂದು ಬೇಕರಿಯಣ್ಣ ಕೈ ಒರೆಸಿಕೊಂಡ.

ಭಾನುವಾರ ದೊಡ್ಡಮ್ಮ ಇಸ್ತ್ರಿ ಸೀರೆ ಉಟ್ಟು, ಕೈಚೀಲ ಮಡಿಲಲ್ಲಿಟ್ಟುಕೊಂಡು ಕುರ್ಚಿ ಹತ್ತಿದಳು. ಎದುರು ಕಿಟಕಿಯಲ್ಲಿ ಚಿಕ್ಕಮ್ಮ ನಿಂತಿದ್ದಳು. ನಾವು ಒಂದು ಮಹಡಿ ಇಳಿದೆವು, ತಿರುವಿಗೆ ಬಂದೆವು, ದೊಡ್ಡಮ್ಮನ ನೆಟ್ಟಗಿನ ಕಾಲು ಗೋಡೆಗೆ ಹೋಗಿ ನಿಂತಿತು. ಹಿಂದೆ ಸರಿದೆವು, ಓರೆ ಮಾಡಿದೆವು, ಎತ್ತರಿಸಿದೆವು; ಪ್ರತಿ ಸಲವೂ ಅವಳು ಹಲ್ಲು ಕಚ್ಚಿ ಕಣ್ಣು ಮುಚ್ಚಿದಳು. ಕುರ್ಚಿ ಅಳೆದಿದ್ದೆವು, ತಿರುವು ಅಳೆದಿದ್ದೆವು. ತಾಲೀಮಿಗೆ ಕೂತವಳ ಮೊಣಕಾಲು ಮಡಚುತ್ತದೆ, ಇವಳದು ಮಡಚುವುದಿಲ್ಲ ಎಂಬುದು ಮಾತ್ರ ನಮ್ಮ ಐವರಲ್ಲಿ ಒಬ್ಬರ ತಲೆಗೂ ಹೋಗಿರಲಿಲ್ಲ.

ಮೂರನೇ ಮಹಡಿಯ ಎಲೆಕ್ಟ್ರಿಷಿಯನ್ ಹೆಗಲ ಮೇಲೆ ಏಣಿ ಹೊತ್ತು ಕೆಳಗಿಂದ ಬಂದು ನಿಂತ. ಅವನ ಹಿಂದೆ, ಸದ್ದು ಕೇಳಿ ಸಾಮಾನಿನ ಚೀಲ ಹಿಡಿದೇ ಹತ್ತಿ ಬಂದ ಎರಡನೇ ಮಹಡಿಯ ದಂಪತಿ. ದಾರಿ ಬಿಡಿ ಎಂದರು, ಇದೇನು ಸರ್ಕಸ್ಸು ಎಂದರು, ಯಾರೋ ಫೋನಿನಲ್ಲಿ ಫೋಟೊ ತೆಗೆದರು. ಕೊನೆಗೆ ದೊಡ್ಡಮ್ಮನನ್ನು ಬಂದ ದಾರಿಯಲ್ಲೇ ಮೇಲಕ್ಕೆ ಹೊತ್ತೆವು. ಅವಳು ನಮ್ಮನ್ನು ಬೈಯಲಿಲ್ಲ. ಬೈದಿದ್ದರೆ ಎಷ್ಟೋ ಹಗುರವಾಗುತ್ತಿತ್ತು.

ಆ ಫೋಟೊ ನಮಗಿಂತ ಮುಂಚೆ ಪ್ರತಿಷ್ಠಾನಕ್ಕೆ ತಲುಪಿತ್ತು. ಸೂಚ್ಯಂಕ ಸಾರ್ ಬಂದವನೇ, ಬೆಡ್‌ಶೀಟು ಹೊದ್ದ ಯಂತ್ರಕ್ಕೆ ಬೆನ್ನು ಕೊಟ್ಟು ಕೂತ. ಮುಂದಿನ ಮೂರು ವರ್ಷಕ್ಕೆ ಹಣ ಕೊಡಲು ಮೇಲಿನವರು ಸಿದ್ಧ, ಆದರೆ ಷರತ್ತುಗಳಿವೆ ಎಂದ. ಕೈಯಲ್ಲಿ ಹೊರುವುದನ್ನು ಇವತ್ತೇ ನಿಲ್ಲಿಸಬೇಕು, ಅಪಾಯ. ಯಂತ್ರ ಹತ್ತುವ ಅಗಲದ ಮೆಟ್ಟಿಲಿರುವ ಹೊಸ ಬಡಾವಣೆಗಳಿಗೆ ಹೋಗಬೇಕು, ಅಲ್ಲಿ ಸಂಖ್ಯೆ ಬೇಗ ಬೆಳೆಯುತ್ತದೆ. ಬಂದವರನ್ನೆಲ್ಲ ಕುರ್ಚಿಯಲ್ಲಿ ಕೂರಿಸುವ ಆ ಪದ್ಧತಿಯನ್ನು ಕೈಬಿಡಬೇಕು. ಒಂದೇ ಬೀದಿಯ ಇಬ್ಬರು ಹೆಂಗಸರಿಗೆ ಇಷ್ಟು ಭಾನುವಾರ ಖರ್ಚು ಮಾಡಿದರೆ ತಾನು ಮೇಲೆ ಏನೆಂದು ತೋರಿಸಲಿ ಎಂದು ನಿಜವಾದ ಸಂಕಟದಿಂದಲೇ ಕೇಳಿದ.

ಹೊಸ ಬಡಾವಣೆಗಳಲ್ಲಿ ಲಿಫ್ಟ್ ಇರುತ್ತದಲ್ಲ ಎಂದು ಪೋಸ್ಟಮ್ಮ ಬಾಗಿಲಲ್ಲಿ ನಿಂತು ತನ್ನಷ್ಟಕ್ಕೆ ಎಂಬಂತೆ ಹೇಳಿದಳು. ಸಾರ್ ಅದನ್ನು ಕೇಳಿಸಿಕೊಳ್ಳಲಿಲ್ಲ.

"ಬೇಜಾರು ಮಾಡ್ಕೋಬೇಡಿ, ಕಟ್ಟಿದವರು ಹೋದ್ಮೇಲೆ ಬಹಳ ಸಂಘ ಉಳಿಯಲ್ಲ," ಎಂದ. "ನಿಮ್ಮಜ್ಜಿ ಇಲ್ಲ. ನಾವೂ ಇಲ್ಲ ಅಂದ್ರೆ ಐದು ವರ್ಷ ಆದ್ಮೇಲೆ ಇಲ್ಲಿ ಏನಿರುತ್ತೆ?"

ಮಾವ ನನ್ನ ಕಡೆ ನೋಡಿದ. ಒಪ್ಪಿಕೊಂಡುಬಿಡು ಎಂಬುದು ಅವನ ಹಣೆಯ ಮೇಲೆ ದಪ್ಪಕ್ಷರದಲ್ಲಿತ್ತು. ನಾನು ಯೋಚಿಸಿದ್ದು ದೊಡ್ಡಮ್ಮನ ಮಡಿಲಲ್ಲಿದ್ದ ಕೈಚೀಲದ ಬಗ್ಗೆ. ಅಷ್ಟು ಹತ್ತಿರದ ಮನೆಗೆ ಹೋಗುವವಳು ಕೈಚೀಲ ಯಾಕೆ ಹಿಡಿದಿದ್ದಳು? ಪ್ರಯಾಣ ಹೊರಟಿದ್ದಳು, ಅದಕ್ಕೆ.

"ಮೆಟ್ಟಿಲಿರುತ್ತೆ ಸಾರ್," ಎಂದೆ. "ಮೇಲೆ ಕೂತವರಿರ್ತಾರೆ. ನಿಮ್ಮ ಹಣ ಬೇಡ, ನಿಮ್ಮ ಯಂತ್ರನೂ ತಗೊಂಡ್ಹೋಗಿ. ದೊಡ್ಡಮ್ಮನ್ನ ನಾನು ಕೈಯಲ್ಲೇ ಹೊತ್ಕೊಂಡು ದಾಟಿಸ್ತೀನಿ."

ಸಾರ್ ಹೋದ ಮೇಲೆ ಮಾವ ಕುದಿದುಬಿಟ್ಟ. ಆ ಅಜ್ಜಿಯ ಮೊಮ್ಮಗಳಲ್ಲವೆ, ಹಟ ರಕ್ತದಲ್ಲೇ ಬಂದಿದೆ ಎಂದು ಶುರುಮಾಡಿ, ನಮ್ಮ ಅಮ್ಮನನ್ನೂ ಬಿಡದೆ, ಮೂರು ತಲೆಮಾರನ್ನು ಜಾಲಾಡಿದ. ಬಾಡಿಗೆ ಕೊಡುವವರಾರು, ಫೋನಿನ ಬಿಲ್ಲು ಕಟ್ಟುವವರಾರು, ಸಂಘವೇ ಮುಳುಗಿದರೆ ನಿನ್ನ ದೊಡ್ಡಮ್ಮನನ್ನು ಕನಸಿನಲ್ಲಿ ಹೊರುತ್ತೀಯಾ ಎಂದ. ಅವನು ಹೇಳಿದ್ದರಲ್ಲಿ ಒಂದೂ ಸುಳ್ಳಿರಲಿಲ್ಲ. ಆದರೂ ನಾನು ಮಾತನ್ನು ಹಿಂದೆ ತೆಗೆದುಕೊಳ್ಳಲಿಲ್ಲ. ಅವನು ಕೊಡೆ ತೆಗೆದುಕೊಂಡು ಹೊರಟುಹೋದ.

ಯಂತ್ರ ಒಯ್ಯಲು ಪ್ರತಿಷ್ಠಾನದಿಂದ ಇಬ್ಬರು ಬಂದರು, ಬೀದಿಯಲ್ಲಿ ಲಾರಿ ನಿಲ್ಲಿಸಿಕೊಂಡು. ಗುಂಡಿ ಒತ್ತಿದರು, ಯಂತ್ರ ಅಲುಗಲಿಲ್ಲ. ಒದ್ದರು, ಅಲುಗಲಿಲ್ಲ. ಒಬ್ಬ ತಲೆ ಕೆರೆದುಕೊಂಡು, ನೀವು ಹೊರುವವರ ಸಂಘದವರಲ್ಲವೆ, ಸ್ವಲ್ಪ ಕೈ ಹಾಕುತ್ತೀರಾ ಎಂದು ಕೇಳಿದ. ಬೇಕರಿಯಣ್ಣ ನಗು ತಡೆದುಕೊಳ್ಳಲು ಗೋಡೆಯ ಕಡೆ ತಿರುಗಬೇಕಾಯಿತು. ಕಾಯಿಲೆಯ ಹಿರಿಯರನ್ನು ಇಳಿಸುವ ಹಾಗೆಯೇ, ಬೆಲ್ಟು ಬಿಗಿದು, ಹುಷಾರಮ್ಮ, ತಿರುವು ಬಂತು, ಹೆದರಬೇಡ ಎಂದು ಯಂತ್ರಕ್ಕೆ ಸಮಾಧಾನ ಹೇಳುತ್ತ ಅದನ್ನು ಇಳಿಸಿ ಲಾರಿಗೆ ಹತ್ತಿಸಿದೆವು. ಬೆಡ್‌ಶೀಟು ನಮ್ಮದು, ವಾಪಸು ತಗೊಂಡೆವು.

ನಗು ಅಲ್ಲಿಗೆ ಮುಗಿಯಿತು. ಆಫೀಸು ಬಿಟ್ಟೆವು. ಕುರ್ಚಿಗೆ ಬೇಕರಿಯ ಹಿತ್ತಿಲಲ್ಲಿ, ಖಾಲಿ ಮೂಟೆಗಳ ಪಕ್ಕ ಜಾಗ ಸಿಕ್ಕಿತು. ನನಗೆ ಬೇಕರಿಯ ಗಲ್ಲಾದ ಹಿಂದೆ ಸಿಕ್ಕಿತು. ನಾನು ಬ್ರೆಡ್ಡು ಕಟ್ಟಿಕೊಡುತ್ತ ಕನಸು ಕಂಡು, ಬನ್ನು ಕೇಳಿದವರಿಗೆ ಬಿಸ್ಕತ್ತು ಕೊಟ್ಟೆ. ಬಸ್ ಖರ್ಚು ನಿಂತ ಮೇಲೆ ಗೋದಾಮಿನ ಅಣ್ಣತಮ್ಮಂದಿರು ದೂರದಿಂದ ಬರುವುದು ಆಗಲಿಲ್ಲ. ಬಾಯಿಬಿಟ್ಟು ಹೇಳಲಾಗದೆ ಫೋನು ಎತ್ತುವುದನ್ನು ನಿಲ್ಲಿಸಿದರು. ನನಗೆ ಸಿಟ್ಟು ಬರಲಿಲ್ಲ. ಊರ ಆ ಮೂಲೆಯಿಂದ ಈ ಮೂಲೆಗೆ ಜನ ಯಾಕೆ ಬರಬೇಕು ಎಂಬ ಪ್ರಶ್ನೆ ಬಂತು. ಹೊರಬೇಕಾದವಳು ನಾಲ್ಕನೇ ಮಹಡಿಯಲ್ಲಿದ್ದಾಳೆ. ಒಂದು, ಎರಡು, ಮೂರನೇ ಮಹಡಿಯ ಭುಜಗಳು ದಿನಾ ಅದೇ ಮೆಟ್ಟಿಲು ಹತ್ತಿ ಇಳಿಯುತ್ತಿವೆ. ಇಷ್ಟು ವರ್ಷ ನಾವು ಆ ಭುಜಗಳನ್ನು ದಾಟಿಕೊಂಡೇ ಮೇಲೆ ಹೋಗುತ್ತಿದ್ದೆವು.

ಬಾಗಿಲು ಬಾಗಿಲು ತಟ್ಟಿದೆ. ಒಂದನೇ ಮಹಡಿಯ ಟೈಲರ್ ತನಗೆ ಸೊಂಟ ನೋವೆಂದ. ಎರಡನೇ ಮಹಡಿಯ ದಂಪತಿ ಭಾನುವಾರ ಒಂದೇ ದಿನ ರಜ ಎಂದರು. ಎಲೆಕ್ಟ್ರಿಷಿಯನ್ ಬಾಗಿಲ ಸಂದಿಯಿಂದಲೇ, ಆವತ್ತಿನ ಸರ್ಕಸ್ಸು ಸಾಲಲಿಲ್ಲವೇ ಎಂದು ಕೇಳಿ ಬಾಗಿಲು ಹಾಕಿಕೊಂಡ. ಅವನ ಮನೆಯಿಂದ ಇಳಿಯುವಾಗ ಅದೇ ಹಾಳು ತಿರುವಿನಲ್ಲಿ ಕೂತೆ. ಕೂತಾಗ ನನಗೆ ಹೊಳೆಯಿತು, ನಾನು ಕೇಳಿದ್ದೇ ತಪ್ಪು. ಸಂಘದ ನಿಯಮವೇನು? ಹೊರು ಎಂದು ಯಾರನ್ನೂ ಕೇಳುವ ಹಾಗಿಲ್ಲ. ಮೊದಲು ಕೂರಿಸಬೇಕು.

ಮುಂದಿನ ಭಾನುವಾರ ಬೆಳಿಗ್ಗೆ ಆ ಕಟ್ಟಡದ ಬಾಗಿಲಲ್ಲಿ ಕುರ್ಚಿ ಇಟ್ಟುಕೊಂಡು ನಿಂತೆವು. ಬೇಕರಿಯಣ್ಣ, ಪೋಸ್ಟಮ್ಮ, ನಾನು. ನಾಲ್ಕನೆಯವರಿಗೆ ಕಾಯುತ್ತಿರುವಾಗ ಬೀದಿಯ ತುದಿಯಿಂದ ಒಂದು ಕೊಡೆ ಬರುವುದು ಕಂಡಿತು. ಮಾವ ಹತ್ತಿರ ಬಂದು, ನನ್ನನ್ನು ನೋಡದೆ, ಪೈಪು ಹಿಡಿದು ಆಡಿಸಿ ನೋಡಿದ. ಒಂದು ನಟ್ಟು ಸಡಿಲವಾಗಿದೆ ಎಂದ. ಜೇಬಿನಿಂದ ಸ್ಪ್ಯಾನರ್ ತೆಗೆದು ಬಿಗಿಮಾಡಿದ. ರಾಜಿಯಾಯಿತು ಎಂದು ನಾನು ತಿಳಿದುಕೊಂಡೆ.

ಬಂದುಹೋಗುವವರಿಗೆಲ್ಲ ಪೋಸ್ಟಮ್ಮ ಕೂಗಿ ಹೇಳಿದಳು: ಇವತ್ತು ಯಾರೂ ಯಾರನ್ನೂ ಹೊರಬೇಕಾಗಿಲ್ಲ, ಕೂತರೆ ಸಾಕು, ಮನೆಬಾಗಿಲಿಗೆ ಬಿಡುತ್ತೇವೆ, ಮತ್ತೆ ಇಳಿಸುತ್ತೇವೆ. ಜನ ನಕ್ಕರು. ಎರಡನೇ ಮಹಡಿಯ ಹೆಂಗಸು ಚೀಲ ಕೆಳಗಿಟ್ಟು, ಮದುವೆಯಾದಾಗಿನಿಂದ ಈ ಮನುಷ್ಯ ಒಂದು ಚೀಲ ಹೊತ್ತವನಲ್ಲ, ನನ್ನನ್ನು ಹೊರುವವರೂ ಇದ್ದಾರೆ ಎಂದು ನೋಡಲಿ ಎನ್ನುತ್ತ ಕೂತಳು. ಹತ್ತುವಾಗ ನಗುತ್ತಿದ್ದಳು. ಇಳಿಯುವಾಗ, ಮುಖ ಮುಂದೆ ಮಾಡಿ ಮೊದಲ ಮೆಟ್ಟಿಲಿನ ಅಂಚಿಗೆ ತಂದಾಗ, ನಗು ನಿಂತಿತು. ಅವಳ ಬೆರಳುಗಳು ನನ್ನ ಮಣಿಕಟ್ಟನ್ನು ಹಿಡಿದವು, ನೆಲ ಮುಟ್ಟಿದ ಮೇಲೂ ಬಿಡಲಿಲ್ಲ.

ಗಲಾಟೆ ಕೇಳಿ ಎಲೆಕ್ಟ್ರಿಷಿಯನ್ ಇಳಿದು ಬಂದ. ಕಂಬ ಹತ್ತುವವನಿಗೆ ಇದೇನು ಭಯ ಎಂದ. ಹಾಗಾದರೆ ಕೂರಪ್ಪ, ಬಾಯಲ್ಲಿ ಹತ್ತಬೇಡ ಎಂದು ಪೋಸ್ಟಮ್ಮ ಕೆಣಕಿದಳು. ಕೂತ. ಮೂರನೇ ಮಹಡಿಯ ತಿರುವಿನ ತನಕ ಮಾತಾಡುತ್ತಲೇ ಇದ್ದ. ವಾಪಸು ಇಳಿಸುವಾಗ, ಆ ತಿರುವಿನಲ್ಲಿ ಕುರ್ಚಿ ಸ್ವಲ್ಪ ಹೊತ್ತು ಗಾಳಿಯಲ್ಲಿ ತೂಗಬೇಕಾಗುತ್ತದೆ, ಕೆಳಗಿನ ಮೆಟ್ಟಿಲುಗಳೆಲ್ಲ ಹಲ್ಲು ಕಿರಿದು ನೋಡುತ್ತವೆ.

"ಬಿಡಬೇಡ್ರಪ್ಪಾ," ಎಂದ. ದನಿ ಅವನದಾಗಿರಲಿಲ್ಲ.

ಕೆಳಗೆ ಇಳಿಸಿದ ಮೇಲೂ ಅವನು ಏಳಲಿಲ್ಲ. ಬೆಲ್ಟಿನ ತುದಿಯನ್ನು ಬೆರಳಿಗೆ ಸುತ್ತುತ್ತ, ಆವತ್ತು ಆ ಅಮ್ಮ ಇಲ್ಲೇ ಅಲ್ಲವೆ ಸಿಕ್ಕಿಕೊಂಡಿದ್ದು ಎಂದು ಕೇಳಿದ. ಹೌದೆಂದೆ. ನಾನು ದಾರಿ ಬಿಡಿ ಎಂದು ಏಣಿ ಕುಟ್ಟಿದೆ ಎಂದ, ನಮಗಲ್ಲ, ನೆಲಕ್ಕೆ ಹೇಳಿದ ಹಾಗೆ. ಆಮೇಲೆ ಎದ್ದು ನನ್ನ ಕೈಯಿಂದ ಪೈಪು ತೆಗೆದುಕೊಂಡು, ಹೆಗಲಿಗೆ ಎಲ್ಲಿ ಕೊಡಬೇಕು ಎಂದು ಕೇಳಿದ. ಹೀಗೆ ಮಧ್ಯಾಹ್ನದ ಹೊತ್ತಿಗೆ ಟೈಲರ್‌ನ ಸೊಂಟ ನೋವೂ ಕಡಿಮೆಯಾಗಿತ್ತು.

ಉಳಿದದ್ದು ಕಾಲು. ಕುರ್ಚಿಯ ಮುಂಭಾಗ ಕತ್ತರಿಸಬೇಕೋ, ಕುರ್ಚಿ ಬಿಟ್ಟು ಜೋಲಿ ಕಟ್ಟಬೇಕೋ ಎಂದು ಎಲ್ಲರೂ ಮೆಟ್ಟಿಲಲ್ಲೇ ಕೂತು ವಾದಕ್ಕಿಳಿದೆವು. ಎಲೆಕ್ಟ್ರಿಷಿಯನ್ ನನ್ನ ಕಾಲಿಗೆ ಒಂದು ಹಲಗೆ ಕಟ್ಟಿದ, ಮಾವ ಬಿಗಿಮಾಡಿದ, ನಾನು ಕೊಕ್ಕರೆಯ ಹಾಗೆ ಕುರ್ಚಿಯಲ್ಲಿ ಕೂತೆ. ಮೂರು ಸಲ ಹಲಗೆ ಗೋಡೆಗೆ ಹೊಡೆಯಿತು. ಮೇಲಿಂದ ಒಂದು ಸೀಟಿ ಕೇಳಿಸಿತು. ಶಾಲೆಯ ಮೈದಾನವನ್ನೇ ನಿಲ್ಲಿಸಿದ್ದ ಸೀಟಿ. ದೊಡ್ಡಮ್ಮ ವಾಕರ್ ಹಿಡಿದು ತನ್ನ ಬಾಗಿಲಲ್ಲಿ ನಿಂತು, ಕಂಬಿಯ ಮೇಲೆ ಬಗ್ಗಿ ನಮ್ಮನ್ನು ನೋಡುತ್ತಿದ್ದಳು.

"ಕಾಲು ಯಾರದು?" ಎಂದಳು.

ನಿಮ್ಮದು ದೊಡ್ಡಮ್ಮ ಎಂದೆವು.

"ಮತ್ತೆ ನನ್ನನ್ನ ಯಾರಾದ್ರೂ ಒಂದು ಮಾತು ಕೇಳಿದ್ರಾ? ಮಡಚಕ್ಕಾಗಲ್ಲ, ಎತ್ತಕ್ಕಾಗುತ್ತೆ. ಸೊಂಟದಿಂದ. ಕುರ್ಚಿನ ಹಿಂದಕ್ಕೆ ವಾಲಿಸಿ, ಕಾಲು ಕಂಬಿ ಮೇಲಿಂದ ಆಚೆ ಹೋಗ್ಲಿ, ಒಬ್ಬ ಅದನ್ನ ಹಿಡ್ಕೊಂಡು ಬರ್ಲಿ. ಇಷ್ಟಕ್ಕೆ ನಿಮ್ಮಜ್ಜಿ ಜೀವಮಾನ ಯೋಚನೆ ಮಾಡಿದ್ಲು, ನೀವು ಹಲಗೆ ಕಟ್ಕೊಂಡು ಕುಣೀತಿದ್ದೀರಿ."

ನಮ್ಮ ಮುಖ ನೋಡುವ ಹಾಗಿರಲಿಲ್ಲ. ಇಷ್ಟು ವರ್ಷ ಸಂಘದಲ್ಲಿ ಹೊರುವವರ ಸಭೆ ಎಷ್ಟೋ ಆಗಿತ್ತು, ಕೂರುವವರನ್ನು ಒಂದು ಸಭೆಗೂ ಕರೆದಿರಲಿಲ್ಲ. ಅವರು ಬರಲು ಮೆಟ್ಟಿಲು ಇಳಿಯಬೇಕಿತ್ತಲ್ಲ. ಇನ್ನು ಮೇಲೆ ಸಭೆಯನ್ನೇ ಮೇಲೆ ಒಯ್ಯುತ್ತೇವೆ ಎಂದು ನಾನು ಅಲ್ಲೇ ಹೇಳಿದೆ. ಹಾಗಾದರೆ ಅಧ್ಯಕ್ಷೆ ನಾನೇ, ಎಂದು ದೊಡ್ಡಮ್ಮ ಸೀಟಿಯನ್ನು ಸೆರಗಿನಲ್ಲಿ ಒರೆಸಿಕೊಂಡಳು. ಯಾರೂ ಚುನಾವಣೆ ಕೇಳಲಿಲ್ಲ.

ಆ ವಾರವೇ ಕುರ್ಚಿ ಬೀದಿ ದಾಟಿತು. ಚಿಕ್ಕಮ್ಮನ ಕಟ್ಟಡದವರನ್ನೂ ಒಬ್ಬೊಬ್ಬರಾಗಿ ಕೂರಿಸಿ ಹತ್ತಿಸಿ ಇಳಿಸಿದೆವು. ಅಲ್ಲಿ ನಮಗೆ ಹೆಚ್ಚು ಕಷ್ಟವಾಗಲಿಲ್ಲ. ಈ ಕಟ್ಟಡದವರು ಕೂತಿದ್ದಾರೆ ಎಂದ ಮೇಲೆ ಆ ಕಟ್ಟಡದವರಿಗೆ ಕೂರದೆ ಇರಲಾಗುತ್ತದೆಯೇ? ಕೆಲವರು ಬೀದಿಯ ಆಚೆ ಕಟ್ಟಡಗಳಿಂದಲೂ ಬಂದು, ನಮ್ಮ ಮೆಟ್ಟಿಲಿಗೆ ಯಾವಾಗ ಎಂದು ವಿಚಾರಿಸಿ ಹೋದರು. ಸೂಚ್ಯಂಕ ಸಾರ್ ಒಂದು ದಿನ ಬ್ರೆಡ್ಡು ಕೊಳ್ಳಲು ಬೇಕರಿಗೆ ಬಂದ. ಸಂಘ ಇದೆಯಾ ಎಂದು ಮೆಲ್ಲಗೆ ಕೇಳಿದ. ಇದೆ ಎಂದೆ. ಎಲ್ಲಿ ಎಂದ. ನಾನು ಬೀದಿಯನ್ನು ತೋರಿಸಿದೆ. ಅಲ್ಲಿ ಅವನಿಗೆ ಕಂಡದ್ದು ಟೈಲರ್, ತರಕಾರಿ ಗಾಡಿ, ಒಣಗಲು ಹಾಕಿದ ಬಟ್ಟೆ. ಚಿಲ್ಲರೆ ಎಣಿಸಿಕೊಂಡು ಹೋದ. ಅವನಿಗೆ ಬಿಸ್ಕತ್ತು ಕೊಡದೆ ಬ್ರೆಡ್ಡನ್ನೇ ಕೊಟ್ಟೆ ಎಂಬುದು ನನಗೆ ಹೆಮ್ಮೆ.

ದೊಡ್ಡಮ್ಮ ಗೊತ್ತುಮಾಡಿದ ದಿನ ಬಂತು. ಅದೇ ಇಸ್ತ್ರಿ ಸೀರೆ, ಅದೇ ಕೈಚೀಲ. ಮುಂದೆ ಬೇಕರಿಯಣ್ಣ ಮತ್ತು ಎಲೆಕ್ಟ್ರಿಷಿಯನ್, ಹಿಂದೆ ಟೈಲರ್ ಮತ್ತು ಎರಡನೇ ಮಹಡಿಯ ಗಂಡ, ಅವನ ಬೆನ್ನ ಹಿಂದೆ ಅವನ ಹೆಂಡತಿಯ ಕಣ್ಣು. ಕಾಲು ನನ್ನ ಪಾಲಿಗೆ. ತಿರುವಿಗೆ ಬಂದಾಗ ದೊಡ್ಡಮ್ಮ ತಾನೇ ಸೀಟಿ ಊದಿದಳು. ಕುರ್ಚಿ ಹಿಂದಕ್ಕೆ ವಾಲಿತು. ಕಾಲು ಕಂಬಿಯ ಮೇಲೆ ಎದ್ದಿತು. ನಾನು ಎರಡು ಮೆಟ್ಟಿಲು ಕೆಳಗಿಂದ ಅದನ್ನು ಎರಡೂ ಅಂಗೈಯಲ್ಲಿ ಹಿಡಿದು, ತೊಟ್ಟಿಲ ಮಗುವನ್ನು ಹೊರಳಿಸುವ ಹಾಗೆ ಗೋಡೆಗೂ ಕಂಬಿಗೂ ನಡುವೆ ತಂದೆ. ಗೋಡೆ ತಾಗಲಿಲ್ಲ. ತಿರುವು ನಮ್ಮ ಹಿಂದೆ ಹೋಯಿತು. ಅಷ್ಟು ಹೊತ್ತೂ ಮೇಲಿನ ಕಿಂಡಿಯ ಕಡೆ ನಾನು ಒಮ್ಮೆಯೂ ಕಣ್ಣೆತ್ತಲಿಲ್ಲ.

ಬೀದಿಯಲ್ಲಿ ಬಿಸಿಲಿತ್ತು. ಬೀದಿಯ ನಡುವೆ ಎದುರು ಕಟ್ಟಡದವರು ನಾಲ್ವರು, ಪೋಸ್ಟಮ್ಮನ ಮುಂದಾಳತ್ವದಲ್ಲಿ, ತೋಳು ಮಡಚಿ ನಿಂತಿದ್ದರು. ದೊಡ್ಡಮ್ಮ ಕೈ ಎತ್ತಿ ನಿಲ್ಲಿಸಿದಳು. ತರಕಾರಿ ಗಾಡಿಯ ಕಡೆ ನೋಡಿದಳು. ಬದನೆಕಾಯಿ ಎತ್ತಿ ಮೂಸಿ, ಇದಕ್ಕೆ ಈ ದರವೇ, ಫೋನಿನಲ್ಲಿ ಹೇಳಿ ತರಿಸಿಕೊಳ್ಳುವಾಗಲೂ ಹೀಗೇ ಮೋಸ ಮಾಡುತ್ತಿದ್ದೀಯಾ ಎಂದು ತರಕಾರಿಯವಳನ್ನು ಚೆನ್ನಾಗಿ ತರಾಟೆಗೆ ತೆಗೆದುಕೊಂಡಳು. ಅವಳೂ ಬಿಡಲಿಲ್ಲ. ಮೇಲಿನ ಕಿಟಕಿಯಿಂದ ಚಿಕ್ಕಮ್ಮ, ಅಲ್ಲೇ ಸಂಸಾರ ಹೂಡ್ತೀಯೇನೇ, ಬರ್ತೀಯೋ ಇಲ್ವೋ ಎಂದು ಕರೆದಾಗ ದೊಡ್ಡಮ್ಮ ಬದನೆಕಾಯಿ ಚೀಲಕ್ಕೆ ಹಾಕಿಕೊಂಡು ಹೊರಡಿ ಎಂದು ಸೀಟಿ ಊದಿದಳು. ಪೈಪು ಒಬ್ಬರ ಹೆಗಲಿನಿಂದ ಇನ್ನೊಬ್ಬರ ಹೆಗಲಿಗೆ ಹೋಯಿತು. ದೊಡ್ಡಮ್ಮನ ಕಟ್ಟಡದವರು ಕೈ ಬಿಟ್ಟ ಮೇಲೂ ವಾಪಸು ಹೋಗದೆ ಹಿಂದೆಯೇ ಬಂದರು. ಮಾವ ಎಲ್ಲರಿಗಿಂತ ಮುಂದೆ, ಕೊಡೆಯಿಂದ ಗೋಡೆಯ ಮೊಳೆಗಳನ್ನು ತೋರಿಸುತ್ತ ಹತ್ತಿದ.

ಬಾಗಿಲು ತೆರೆದೇ ಇತ್ತು. ಚಿಕ್ಕಮ್ಮ ಚೌಕಟ್ಟು ಹಿಡಿದು ನಿಂತಿದ್ದಳು, ಫೋನು ಇನ್ನೂ ಕೈಯಲ್ಲಿ. ಅಕ್ಕನ ಮುಖವನ್ನು ಹತ್ತಿರದಿಂದ ನೋಡಿದಳು. ಕೈ ಚಾಚಿ ಹಣೆ ಮುಟ್ಟಿದಳು, ಕೆನ್ನೆ ಮುಟ್ಟಿದಳು, ಕಿವಿಯ ಹಿಂದೆ ಕೂದಲು ಸರಿಸಿದಳು. ಅವಳ ಉಸಿರು ಸಣ್ಣಗೆ ಸಿಳ್ಳೆ ಹಾಕುತ್ತಿತ್ತು.

"ಇಷ್ಟು ಮುದುಕಿ ಆಗಿದ್ದೀಯ ಅಂತ ಕಿಟಕಿಯಿಂದ ಗೊತ್ತೇ ಆಗ್ತಿರ್ಲಿಲ್ಲ ಕಣೇ ಅಕ್ಕ," ಎಂದಳು.

"ನಿನ್ನ ಕಿಟಕಿ ಒರೆಸಿದ್ರೆ ತಾನೆ. ಸರಿ ಆಚೆ, ದಾರಿ ಬಿಡು."

ಚಿಕ್ಕಮ್ಮ ಸರಿದಳು. ಮುಂದಿನವರು ಒಳಗೆ ಕಾಲಿಟ್ಟರು, ನಾನು ದೊಡ್ಡಮ್ಮನ ಕಾಲನ್ನು ಎತ್ತಿ ಹೊಸಿಲು ದಾಟಿಸಿದೆ. ಕುರ್ಚಿಯ ಮುಂದಿನ ಕಾಲುಗಳು ಒಳಗೆ, ಹಿಂದಿನವು ಹೊರಗೆ. ದೊಡ್ಡಮ್ಮ ತಿರುಗಿ ನಮ್ಮೆಲ್ಲರನ್ನೂ ಒಮ್ಮೆ ನೋಡಿದಳು. ಹಿಂದಿನವರು ಎತ್ತಿದರು. ಕುರ್ಚಿ ಪೂರ್ತಿಯಾಗಿ ಒಳಗೆ ಬಂದು ನೆಲದ ಮೇಲೆ ಕೂತಿತು.